ಹಳೆ ಕೋವಿಗೆ ಹೊಸ ತೋಟೆ

ತೆಂಗಿನಗುಂಡಿ ಬಂದರಿನಿಂದ ಮೂಡಣಕ್ಕೆ, ಮಾರುಕೇರಿ, ಹಾಡುವಳ್ಳಿ ಕಡೆಯ ಅಡಿಕೆ ತೋಟಗಳ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿಗಳು ಇನ್ನೂ ಇವೆ. ಮಂಗ ಓಡಿಸಲು ಒಂದು ಗಾಳಿ ಈಡು ಸಾಕು ಎನ್ನುವವರಲ್ಲಿ ನಾನೂ ಒಬ್ಬ. ನನ್ನ ತಕರಾರು ಕೋವಿಯದ್ದಲ್ಲ, ತೋಟೆಯದ್ದು.

"ಹನ್ನೆರಡು ಬೋರು ಅಂದಮೇಲೆ ಎಲ್ಲ ಒಂದೇ ಮಾರಾಯ" ಎನ್ನುತ್ತಾರೆ. ಒಂದೇ ಅಲ್ಲ. ಹಳೆಯ ಎಷ್ಟೋ ಕೋವಿಗಳಲ್ಲಿ ತೋಟೆ ಕೂರುವ ಗೂಡು 65 ಮಿ.ಮೀ.; ಈಗ 70 ಮಿ.ಮೀ. ತೋಟೆಯೂ ಸಿಗುತ್ತದೆ. ಆ 70 ಎಂಬುದು ಹಾರಿದ ಮೇಲಿನ ಅಳತೆ. ಬಾಯಿ ಮಡಚಿದ ಹೊಸ ತೋಟೆ ಗಿಡ್ಡ. ಹಳೆ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ. ಮದ್ದು ಹೊತ್ತಿದಾಗ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆಯ ಕಿರಿದಾದ ಭಾಗಕ್ಕೆ ನುಗ್ಗುತ್ತದೆ, ಒತ್ತಡ ಏರುತ್ತದೆ. ಕರಿಮದ್ದಿನ ಕಾಲದ, ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ನಳಿಗೆಯಾದರಂತೂ ಕೈಯೋ ಕಣ್ಣೋ ಹೋದೀತು. ನಮ್ಮನೆ ಕೋವಿಯ ನಳಿಗೆ ಬಿಚ್ಚಿ ತಿರುಗಿಸಿದರೆ ಅಡಿಯಲ್ಲಿ ಗೂಡಿನ ಅಳತೆ ಹೇಳಬೇಕಾದ ಮುದ್ರೆ ಮಾಸಿದೆ, ಅಂಕಿ ಓದಲಾಗದು.

ರಿವಾಲ್ವರಿನವರು ಇದನ್ನು ಮೊದಲೇ ಯೋಚಿಸಿದ್ದರು. 1935ರಲ್ಲಿ .357 ಮ್ಯಾಗ್ನಮ್ ಬಂದಾಗ ಅದರ ತೋಟೆಯನ್ನು ಹಳೆಯ .38 ಸ್ಪೆಷಲ್ ತೋಟೆಗಿಂತ ಸುಮಾರು 3 ಮಿ.ಮೀ. ಉದ್ದ ಮಾಡಿದರು, ಹಳೆಯ ರಿವಾಲ್ವರಿನಲ್ಲಿ ಕೂರಲೇಬಾರದೆಂದು. ನಮ್ಮ ಕೋವಿಗೆ ಆ ತಡೆ ಇಲ್ಲ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕೋವಿ ಪರವಾನಗಿಯ ಅವಧಿ 5 ವರ್ಷ. ಅದರ ನಡುವೆಯೂ ಚುನಾವಣೆ ಬಂದರೆ ಕೋವಿ ಠಾಣೆಗೆ ಹೋಗುತ್ತದೆ, ನಂಬರು ಬರೆಸಿಕೊಂಡು ಮೂಲೆಗೆ ಒರಗುತ್ತದೆ. ಆಗಲೇ ಪೊಲೀಸ್ ಆರ್ಮರರ್ ಗೂಡು ಅಳೆದು ಪರವಾನಗಿ ಪುಸ್ತಕದಲ್ಲಿ ನಮೂದಿಸಲಿ. ಅಂಗಡಿಯವರು ಅದನ್ನು ನೋಡಿಯೇ ತೋಟೆ ಕೊಡಲಿ. ಅಲ್ಲಿಯವರೆಗೆ ಅಳತೆ ಗೊತ್ತಿಲ್ಲದ ಕೋವಿಗೆ ತೋಟೆ ತುಂಬಬೇಡಿ.