ರಿಪೋರ್ಟು ಬರೆದ ಪಥ್ಯ

ಮಗು ಮೊಣಕೈ ಮಡಿಕೆ, ಮಂಡಿಯ ಹಿಂಭಾಗವನ್ನು ಕೆರೆದು ಕೆರೆದು ರಸ ಒಸರತೊಡಗಿತೆಂದರೆ ನಮ್ಮ ಕಡೆ ಮೊದಲು ಕೇಳುವುದೇ ‘ಏನು ತಿನ್ನಿಸಿದ್ರಿ?’ ಎಂದು. ಬದನೆಕಾಯಿ ನಂಜು, ಶೇಂಗಾ ಪಿತ್ತ, ಮೊಟ್ಟೆ ಉಷ್ಣ ಎನ್ನುವ ಅಜ್ಜಿಯರ ಪಟ್ಟಿಗೆ ಈಗ ಲ್ಯಾಬಿನ ಮೊಹರೂ ಬೀಳುತ್ತಿದೆ. ಚನ್ನಗಿರಿಯಲ್ಲೋ ನ್ಯಾಮತಿಯಲ್ಲೋ ಕೊಟ್ಟ ಒಂದಿಷ್ಟು ರಕ್ತಕ್ಕೆ ಹತ್ತಾರು ಆಹಾರಗಳ ರಿಪೋರ್ಟು ಬರುತ್ತದೆ. ಹಾಲು, ಗೋಧಿ, ಶೇಂಗಾ, ಮೊಟ್ಟೆಯ ಎದುರು ‘ಪಾಸಿಟಿವ್’ ಎಂದಿದ್ದರೆ ಅಂದಿನಿಂದಲೇ ಪಥ್ಯ.

ಈ ಪಾಸಿಟಿವ್ ಅನ್ನು ಅಷ್ಟು ಬೇಗ ನಂಬಬಾರದು. ಆ ಆಹಾರದ ವಿರುದ್ಧ ರಕ್ತದಲ್ಲಿ ಐಜಿಇ ಪ್ರತಿಕಾಯ ಇದೆ ಎಂದಷ್ಟೇ ಅದು ಹೇಳುತ್ತದೆ. ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 26.5 ಮಂದಿಗೆ ಇಂಥ ಐಜಿಇ ಇತ್ತು. ಆಹಾರದ ಅಲರ್ಜಿ ಇರಬಹುದು ಎನ್ನಿಸಿದ್ದು ಶೇ 1.2 ಮಂದಿಯಲ್ಲಿ. ಇದು ಸಾಮಾನ್ಯ ಜನರ ಲೆಕ್ಕ. ಮೊದಲೇ ಹೇಳಿದ ಆ ತುರಿಕೆಯ ಇಸುಬು (ಎಕ್ಸಿಮಾ) ಇದ್ದವರಲ್ಲಿ ಒಟ್ಟು ಐಜಿಇಯೇ ಏರಿರುವುದು ಹೆಚ್ಚಾದ್ದರಿಂದ ಸುಳ್ಳು ಪಾಸಿಟಿವ್‌ಗಳೂ ಹೆಚ್ಚು. ಇನ್ನು ಐಜಿಜಿ ಎಂಬ ಬೇರೊಂದು ಪ್ರತಿಕಾಯವನ್ನು ಹುಡುಕುವ ಪ್ಯಾನೆಲ್ ಅಂತೂ ಶುದ್ಧ ದಂಡ. ದಿನಾ ತಿನ್ನುವ ಆಹಾರಕ್ಕೆ ಐಜಿಜಿ ಇರುವುದು ಸಹಜ.

ಜಗಳೂರಿನ ಬಡಮನೆಯ ಮಗುವಿನ ಮೈಗೆ ಹಿಡಿಯುವುದು ಶೇಂಗಾ ಚಟ್ನಿ, ಅಂಗನವಾಡಿಯ ಮೊಟ್ಟೆ, ಕ್ಷೀರಭಾಗ್ಯದ ಹಾಲು. ಮೂರನ್ನೂ ಬಿಡಿಸಿದರೆ ತಟ್ಟೆಯಲ್ಲಿ ಉಳಿಯುವುದು ಮುದ್ದೆ, ಸಾರು. ತೂಕ ನಿಲ್ಲುತ್ತದೆ, ತುರಿಕೆ ನಿಲ್ಲುವುದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಇಸುಬಿನ ಮಗು ಏನೂ ಆಗದೆ ತಿನ್ನುತ್ತಿದ್ದುದನ್ನು ತಿಂಗಳುಗಟ್ಟಲೆ ಬಿಡಿಸಿದರೆ ದೇಹ ಅದನ್ನು ಒಪ್ಪುವುದನ್ನೇ ಮರೆಯಬಹುದು. ಆಮೇಲೆ ಯಾರೋ ಜಾತ್ರೆಯಲ್ಲಿ ಒಂದು ಶೇಂಗಾ ಉಂಡೆ ಕೊಟ್ಟಾಗ ತುಟಿ ಊದಿ ಉಸಿರು ಕಟ್ಟಬಹುದು. ಇಲ್ಲದ ಅಲರ್ಜಿಯನ್ನು ಪಥ್ಯವೇ ತಂದ ಹಾಗೆ! ಲಂಡನ್ನಿನಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಶೇಂಗಾವನ್ನು ದೂರವಿಟ್ಟವರಲ್ಲಿ ಐದನೇ ವಯಸ್ಸಿಗೆ ಶೇ 17.2 ಮಕ್ಕಳಿಗೆ ಅದರ ಅಲರ್ಜಿ, ತಿಂದವರಲ್ಲಿ ಶೇ 3.2.

ಹಾಗೆಂದು ಪರೀಕ್ಷೆಯೇ ಬೇಡವೆಂದಲ್ಲ. ತಿಂದ ಎರಡು ಗಂಟೆಯೊಳಗೆ ದದ್ದು, ವಾಂತಿ, ಊತ ಕಂಡಿದ್ದರೆ, ಇಲ್ಲವೇ ಮುಲಾಮು ಸರಿಯಾಗಿ ಹಚ್ಚಿಯೂ ಎಳೆಗೂಸಿನ ತೀವ್ರ ಇಸುಬು ಇಳಿಯದಿದ್ದರೆ, ಅನುಮಾನ ಬಂದ ಆಹಾರವೊಂದನ್ನು ಪರೀಕ್ಷಿಸಲಿ. ಉಳಿದವರು ಆ ದುಡ್ಡಿನಲ್ಲಿ ಚರ್ಮ ಒಣಗದಂತೆ ಹಚ್ಚುವ ಕ್ರೀಮು ಕೊಳ್ಳಲಿ. ಹೊನ್ನಾಳಿಯಾಗಲಿ ಜಗಳೂರಾಗಲಿ, ಪಥ್ಯ ಈಗಾಗಲೇ ಶುರುವಾಗಿದ್ದರೆ ಬಿಟ್ಟ ಆಹಾರವನ್ನು ನೀವಾಗಿಯೇ ಮನೆಯಲ್ಲಿ ಮತ್ತೆ ತಿನ್ನಿಸಲು ಹೋಗಬೇಡಿ. ಮೊದಲು ವೈದ್ಯರನ್ನು ಕೇಳಿ.