ಹಾಲು ಹಾಕಿದ ಮೇಲೆ ಹತ್ತು ನಿಮಿಷ ಕೂತು ಹೋಗಿ

ಆತ್ಮೀಯ ಅಕ್ಕಂದಿರೇ, ತಾಯಂದಿರೇ,

ಬೆಳಿಗ್ಗೆ ನಿಮ್ಮೂರಿನ ಡೇರಿ ಮುಂದೆ ಯಾರು ನಿಂತಿರುತ್ತಾರೆ, ಯಾರು ಕೂತಿರುತ್ತಾರೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ನಾನು ಹೋಗುವ ಬಹಳಷ್ಟು ಊರುಗಳಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಹೆಂಗಸರೇ ಹೆಚ್ಚು. ಡೇರಿ ಜಗಲಿಯ ಮೇಲೆ, ಎದುರಿನ ಅರಳಿಕಟ್ಟೆಯ ಮೇಲೆ ಕೂತವರು ಗಂಡಸರು. ನೀವು ಹಾಲು ಹಾಕಿ, ಚೀಟಿ ತೆಗೆದುಕೊಂಡು, ಕಟ್ಟೆಯ ಕಡೆ ನೋಡದೆ ಮನೆಗೆ ನಡೆಯುತ್ತೀರಿ. ಹೆಂಗಸರು ಇಲ್ಲಿ ಕೂರಬಾರದು ಎಂದು ಯಾವ ಗೋಡೆಯ ಮೇಲೂ ಬರೆದಿಲ್ಲ, ಸಂಘದ ಬೈಲಾದಲ್ಲೂ ಇಲ್ಲ. ಆದರೂ ಎಲ್ಲರೂ ಅದನ್ನು ಪಾಲಿಸುತ್ತಾರೆ.

ಯಾರು ಎಲ್ಲಿ ಕೂತರೆ ಪಶುವೈದ್ಯರಿಗೇನು ಎಂದು ನೀವು ಕೇಳಬಹುದು. ಹಸುವಿನ ಕಡೆಯಿಂದಲೇ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಹಸು ಗಬ್ಬ ನಿಲ್ಲುತ್ತಿಲ್ಲ ಎಂದು ಒಂದು ಮನೆಯಿಂದ ಕರೆ ಬಂತು. ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದ್ದರು. ಪರೀಕ್ಷೆ ಮಾಡಿದೆ, ಗರ್ಭಕೋಶದಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಮನೆಯ ಅಕ್ಕನನ್ನು ವಿಚಾರಿಸಿದೆ. ಬೆಳಗಿನ ಜಾವ ಹಾಲು ಕರೆಯುವಾಗಲೇ ಅವರು ಲೋಳೆ ಕಂಡಿದ್ದರು, ಹಸು ಕೂಗಿದ್ದನ್ನೂ ಕೇಳಿದ್ದರು. ಯಜಮಾನರಿಗೆ ತಿಳಿಸಿದರು. ಯಜಮಾನರು ಹೊಲದ ಕೆಲಸ ಮುಗಿಸಿ, ಸಂಜೆ ಕಟ್ಟೆಗೆ ಹೋದಾಗ ಗರ್ಭಧಾರಣೆ ಕಾರ್ಯಕರ್ತನಿಗೆ ಹೇಳಿದರು. ಅವನು ಬಂದದ್ದು ಮರುದಿನ ಮಧ್ಯಾಹ್ನ. ಮೂರು ಸಲವೂ ಹೆಚ್ಚುಕಡಿಮೆ ಹೀಗೆಯೇ ಆಗಿತ್ತು.

"ಬೆಳಿಗ್ಗೆ ಡೇರಿಗೆ ಹೋದಾಗ ನೀವೇ ಹೇಳಬಹುದಿತ್ತಲ್ಲ ಅಕ್ಕ?" ಎಂದೆ.

"ಅಲ್ಲಿ ಗಂಡಸರು ಕೂತಿರ್ತಾರೆ ಡಾಕ್ಟ್ರೇ. ಹಸು ಬೆದೆಗೆ ಬಂದಿದೆ ಅಂತ ಅವರ ಮುಂದೆ ಹೆಂಗೆ ಹೇಳೋದು?" ಎಂದರು.

ಬೆದೆ ಇರುವುದು ಸುಮಾರು ಒಂದು ದಿನ ಮಾತ್ರ. ಬೆಳಿಗ್ಗೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಮೂರು ಸಲ ತಪ್ಪಿದರೆ 63 ದಿನ. ಅಷ್ಟೂ ದಿನ ಹುಲ್ಲು, ಹಿಂಡಿ ಹಾಕಲೇಬೇಕು. ಮುಂದಿನ ಕರು, ಮುಂದಿನ ಹಾಲು ಎರಡು ತಿಂಗಳು ಹಿಂದಕ್ಕೆ ಹೋಗುತ್ತದೆ. ಹಸುವನ್ನು ಕಣ್ಣಾರೆ ನೋಡುವವರು ನೀವು, ಸುದ್ದಿ ಹೋಗುವುದು ಮಾತ್ರ ಕಟ್ಟೆಯನ್ನು ಸುತ್ತಿಕೊಂಡು. ಆ ಮನೆಯ ನಷ್ಟಕ್ಕೆ ಕಾರಣ ಇಷ್ಟೇ.

ಇದರಲ್ಲಿ ನನ್ನ ತಪ್ಪೂ ಇದೆ. ಊರಿಗೆ ಬಂದರೆ ನಾನೂ ಗಾಡಿಯನ್ನು ಕಟ್ಟೆಯ ಹತ್ತಿರವೇ ನಿಲ್ಲಿಸುತ್ತಿದ್ದೆ. ಕಾಲುಬಾಯಿ ಜ್ವರದ ಲಸಿಕೆ ಯಾವಾಗ, 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಬ್ರುಸೆಲ್ಲಾ ಲಸಿಕೆ ಯಾವ ದಿನ ಎಂದು ಅಲ್ಲಿ ಕೂತವರಿಗೆ ಹೇಳಿ ಹೊರಟುಬಿಡುತ್ತಿದ್ದೆ. ಕೊಟ್ಟಿಗೆಯಲ್ಲಿ ಸಗಣಿ ಬಾಚುವವರಿಗೆ ಸುದ್ದಿ ತಲುಪಿತೇ ಎಂದು ಕೇಳಿದವನಲ್ಲ. ಈಗ ಹಾಲು ಹಾಕುವ ಹೊತ್ತಿಗೆ ಬಂದು ಡೇರಿ ಬಾಗಿಲಲ್ಲೇ ನಿಂತು ಹೇಳುತ್ತೇನೆ.

ಬರೆಯದ ಕಟ್ಟಳೆ ಬದಲಾಗುವುದಿಲ್ಲ ಎನ್ನಬೇಡಿ. ಡೇರಿ ಸಾಲನ್ನೇ ನೋಡಿ. ನೀರು ಸೇದುವ ಬಾವಿಯಲ್ಲೂ ಜಾತಿ ನೋಡುತ್ತಿದ್ದ ಊರುಗಳಲ್ಲಿ, ಮೊದಲು ಬಂದವರ ಹಾಲು ಮೊದಲು ಎಂಬ ಕ್ರಮವನ್ನು ಡೇರಿ ತಂದಿತು. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಹಾಲಿನ ಸಹಕಾರ ಸಂಘ ಕಟ್ಟಿದವರ ದಾರಿಯಲ್ಲೇ ನಮ್ಮ ಸಂಘಗಳೂ ಬಂದವು. ಎಲ್ಲರ ಮನೆಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳುವುದಿಲ್ಲ. ಅದೇ ಸಾಲಿನಲ್ಲಿ ಅಂತರ ಬಿಟ್ಟು ನಿಲ್ಲುವವರನ್ನು ಈಗಲೂ ಕಾಣುತ್ತೇನೆ. ಆದರೂ ಅಷ್ಟು ಹಳೆಯ ಕಟ್ಟಳೆಯೇ ಇಷ್ಟು ಸಡಿಲವಾಗಿರುವಾಗ, ಜಗಲಿಯದು ಯಾವ ಲೆಕ್ಕ?

ಹಾಗಾಗಿ ನನ್ನ ಮಾತು ಇಷ್ಟೇ. ಹಾಲು ಹಾಕಿದ ಮೇಲೆ ಹತ್ತು ನಿಮಿಷ ಜಗಲಿಯ ಮೇಲೆ ಕೂತು ಹೋಗಿ. ಮನೆಯಲ್ಲಿ ಒಲೆ ಕಾಯುತ್ತಿದೆ, ಮಕ್ಕಳನ್ನು ಶಾಲೆಗೆ ಕಳಿಸಬೇಕು ಎಂಬುದು ಗೊತ್ತು. ದಿನಾ ಆಗದಿದ್ದರೆ ವಾರಕ್ಕೆರಡು ದಿನ ಸಾಕು. ಒಬ್ಬರೇ ಕೂತರೆ ಜನ ಆಡಿಕೊಳ್ಳಬಹುದು. ನಾಲ್ಕು ಜನ ಸೇರಿ ಕೂತರೆ ವಾರದೊಳಗೆ ಯಾರೂ ತಿರುಗಿ ನೋಡುವುದಿಲ್ಲ. ಆ ನಾಲ್ವರೂ ಒಂದೇ ಕೇರಿಯವರಾಗದಿರಲಿ, ಅಂತರ ಬಿಟ್ಟು ನಿಂತವರನ್ನೂ ಕರೆದು ಕೂರಿಸಿಕೊಳ್ಳಿ.

ಗರ್ಭಧಾರಣೆ ಕಾರ್ಯಕರ್ತನ ಫೋನ್ ನಂಬರನ್ನು ಡೇರಿ ಬೋರ್ಡಿನ ಮೇಲೆ ಬರೆಸಿ, ನೀವೇ ಫೋನ್ ಮಾಡಿ. ಬೆದೆ ಎಂಬುದು ನಾಚಿಕೆಯ ಮಾತಲ್ಲ. ಫ್ಯಾಟು, ಎಸ್‌ಎನ್‌ಎಫ್ ಎಂದಷ್ಟೇ ಸಲೀಸಾಗಿ ಹೇಳಬೇಕಾದ ಮಾತು. ಸದಸ್ಯತ್ವ ಯಾರ ಹೆಸರಿನಲ್ಲಿದೆ ಎಂದು ಕಾರ್ಯದರ್ಶಿಯವರನ್ನು ಕೇಳಿ. ನಿಮ್ಮ ಹೆಸರಿನಲ್ಲಿದ್ದರೆ ಮಹಾಸಭೆಗೆ ಯಜಮಾನರನ್ನು ಕಳಿಸದೆ ನೀವೇ ಬನ್ನಿ. ಬಂದವರು ಬಾಗಿಲ ಹೊರಗೆ ನಿಲ್ಲದೆ ಒಳಗೆ ಕುರ್ಚಿಯ ಮೇಲೆ ಕೂರಿ.

ಯಜಮಾನರೇ, ಈ ಪತ್ರಿಕೆ ನಿಮ್ಮ ಕೈಗೂ ಬಂದಿದ್ದರೆ ನಿಮಗೂ ಒಂದು ಮಾತು: ನಾಳೆ ಬೆಳಿಗ್ಗೆ ಜಗಲಿಯ ಮೇಲೆ ಸ್ವಲ್ಪ ಸರಿದು ಕೂರಿ. 63 ದಿನದ ನಷ್ಟದಲ್ಲಿ ನಿಮ್ಮದೂ ಪಾಲಿದೆ.

ಇಂತಿ,
ನಿಮ್ಮ ಪಶುವೈದ್ಯಾಧಿಕಾರಿ