ಉಣುಗಿನ ಜ್ವರ ಎಂದರೆ ಮಂಗನ ಕಾಯಿಲೆ ಒಂದೇ ಅಲ್ಲ!



1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದ ಮೇಲೆ ಮಲೆನಾಡಿನ ನಮಗೆ ಉಣುಗು ಎಂದರೆ ಮಂಗನ ಕಾಯಿಲೆಯದೇ ಭಯ. ಭಯ ಸರಿಯೇ. ಆದರೆ ರಕ್ತ ಪರೀಕ್ಷೆಯಲ್ಲಿ “ಮಂಗನ ಕಾಯಿಲೆ ಅಲ್ಲ” ಎಂದು ಬಂದ ಕೂಡಲೇ ಸಮಾಧಾನಪಟ್ಟು ಮನೆಗೆ ಬಂದು ಮಲಗುತ್ತೇವಲ್ಲ, ಅಪಾಯ ಅಲ್ಲಿದೆ. ಉಣುಗು ಕಚ್ಚಿ ಬರುವ ಇನ್ನೊಂದು ಜ್ವರವಿದೆ: ಟಿಕ್ ಟೈಫಸ್. ಇದಕ್ಕೆ ಕಾಡೇ ಬೇಕೆಂದಿಲ್ಲ. ಜಗಲಿಯಲ್ಲಿ ಮಲಗುವ ನಾಯಿಯ ಮೈಮೇಲಿನ ಉಣುಗೂ ತರುತ್ತದೆ.

ಮೊದಲು ಚಳಿಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು. ಎಲ್ಲ ಜ್ವರದಂತೆಯೇ. ಕೆಲವು ದಿನ ಕಳೆದ ಮೇಲೆ ಮಣಿಕಟ್ಟು, ಪಾದದ ಗಂಟಿನ ಸುತ್ತ ಕೆಂಪು ಗುಳ್ಳೆ ಏಳಬಹುದು. ಅಂಗೈ, ಅಂಗಾಲಿಗೂ ಗುಳ್ಳೆ ಬಂದರೆ ತಡಮಾಡಲೇಬೇಡಿ. ಕಚ್ಚಿದ ಜಾಗದಲ್ಲಿ ಸುಟ್ಟಂಥ ಕಪ್ಪು ಕಲೆ ಇರಬಹುದು, ಇಲ್ಲದೆಯೂ ಇರಬಹುದು. ಗುಳ್ಳೆ ಏಳಲಿ ಎಂದು ಕಾಯುವುದೂ ತಪ್ಪು. ಬಿಟ್ಟರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಇಳಿಯುತ್ತದೆ, ಪ್ರಾಣವೇ ಹೋಗಬಹುದು.

ಮಂಗನ ಕಾಯಿಲೆ ವೈರಸ್ಸಿನದು, ಅದಕ್ಕೆ ನೇರ ಮದ್ದಿಲ್ಲ. ಟಿಕ್ ಟೈಫಸ್ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾದ್ದು. ಇದಕ್ಕೆ ಮದ್ದಿದೆ, ಅದೂ ಅಗ್ಗದ್ದು: ಡಾಕ್ಸಿಸೈಕ್ಲಿನ್ ಮಾತ್ರೆ. ಬೇಗ ಶುರುಮಾಡಿದರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯತೊಡಗುತ್ತದೆ. ಟೈಫಾಯ್ಡಿಗೆ ಕೊಡುವ ಇಂಜೆಕ್ಷನ್, ಗಂಟಲುನೋವಿಗೆ ಕೊಡುವ ಅಮಾಕ್ಸಿಸಿಲಿನ್ ಇದಕ್ಕೆ ನಾಟುವುದಿಲ್ಲ. ಮೊದಲ ವಾರ ರಕ್ತ ಪರೀಕ್ಷೆಯಲ್ಲಿ ರೋಗ ಸಿಕ್ಕದೇ ಹೋಗುವುದುಂಟು. ಆದ್ದರಿಂದಲೇ ಅನುಮಾನ ಬಂದರೆ ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡಬೇಕೆಂಬುದು ವೈದ್ಯಶಾಸ್ತ್ರದ ನಿಯಮ. ಮಕ್ಕಳ ಹಲ್ಲು ಹಳದಿಯಾದೀತೆಂಬ ಹಳೆಯ ಅಂಜಿಕೆಯೂ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿ ಮಕ್ಕಳಿಗೂ ಇದನ್ನೇ ಹೇಳಿದೆ. ಗರ್ಭಿಣಿಯರಿಗೆ ಬೇರೆ ಮಾತ್ರೆ ಇದೆ. ಹಾಗೆಂದು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ನುಂಗಬೇಡಿ.

ಸೊಪ್ಪು, ಸೌದೆ, ತರಗೆಲೆಗೆ ಹೋಗುವಾಗ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ತೈಲ ಹಚ್ಚಿ, ತುಂಬು ಬಟ್ಟೆ ತೊಡಿ. ಬಂದವರು ಬಿಸಿನೀರಿನಲ್ಲಿ ಮಿಂದು ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ, ಮಕ್ಕಳ ತಲೆಗೂದಲು ನೋಡಿ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಊದುಬತ್ತಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಬೇಡ. ದನದ, ನಾಯಿಯ ಉಣುಗು ಕಿತ್ತು ಉಗುರಿನಲ್ಲಿ ಚಟ್ಟನೆ ಒಡೆಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ! ಒಡೆದ ಉಣುಗಿನ ರಸ ಬೆರಳಿನ ಗಾಯಕ್ಕೆ ತಾಗಿದರೂ ರೋಗ ಅಂಟಬಹುದು. ಈ ಅಭ್ಯಾಸವನ್ನು ಇಂದೇ ಬಿಡಿ. ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಾಕಿಸಿ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ವರ್ಷವಿಡೀ ದಾಸ್ತಾನಿರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಜ್ವರ ಬಂದು ವೈದ್ಯರ ಮುಂದೆ ಕುಳಿತಾಗ ಅವರು ಕೇಳಲಿ, ಬಿಡಲಿ, ಮೊದಲ ಮಾತೇ ಇದಾಗಲಿ: “ಡಾಕ್ಟ್ರೇ, ಉಣುಗು ಕಚ್ಚಿತ್ತು.”

ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ. ಓದು ಬಾರದವರಿಗೆ ಓದಿ ಹೇಳಿ.